ಪಾಚಿಗೂ ಮುರಿದ ಮೂಳೆಗೂ ಏನು ನಂಟು?

ಪ್ರಶ್ನೆ: ನಮ್ಮ ತಾತ ಬಾಟನಿ ಓದಿದವರು. ಅವರ ಹಳೆಯ ಪುಸ್ತಕವೊಂದರಲ್ಲಿ ಕೆರೆ, ತೊಟ್ಟಿಗಳಲ್ಲಿ ಬೆಳೆಯುವ ಕೂದಲಿನಂಥ ಪಾಚಿಗೆ 'ಕಾನ್‌ಫರ್ವಾ' ಎಂಬ ಹೆಸರಿದೆ. ಈಗಿನ ಪುಸ್ತಕಗಳಲ್ಲಿ ಅದು ಕಾಣುವುದೇ ಇಲ್ಲ. ಲ್ಯಾಟಿನ್‌ನಲ್ಲಿ 'ಫೆರ್ವೆರೆ' ಅಂದರೆ ಕುದಿಯುವುದಂತೆ. ಮಧ್ಯಾಹ್ನದ ಬಿಸಿಲಿಗೆ ಪಾಚಿಯಿಂದ ಗುಳ್ಳೆ ಏಳುತ್ತದಲ್ಲ, ನೀರು ಕುದ್ದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು ಅಂತಾನೆ ನನ್ನ ಸ್ನೇಹಿತ. ಸರಿಯೇ? (ಒಬ್ಬ ಓದುಗರು, ಸಾಗರ)

ಉತ್ತರ: ನಿಮ್ಮ ಸ್ನೇಹಿತರು ಮುಕ್ಕಾಲು ದಾರಿ ಸರಿಯಾಗಿಯೇ ಬಂದಿದ್ದಾರೆ. ಕೊನೆಯ ತಿರುವಿನಲ್ಲಿ ಮಾತ್ರ ಬೇರೆ ಊರಿಗೆ ಹೋಗಿಬಿಟ್ಟರು.

ಫೆರ್ವೆರೆ ಅಂದರೆ ಕುದಿಯುವುದು, ನಿಜ. ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಏಳುವ ಮಾತ್ರೆ ಇದೆಯಲ್ಲ, ಅದನ್ನು ಎಫರ್‌ವೆಸೆಂಟ್ ಅನ್ನುವುದೂ ಇದೇ ಬೇರಿನಿಂದ. 'ಕೊನ್' ಅಂದರೆ ಕೂಡಿ, ಒಟ್ಟಿಗೆ. ಎರಡೂ ಸೇರಿ ಕೊನ್‌ಫೆರ್ವೆರೆ. ಪದವನ್ನು ಹೀಗೆ ಬಿಡಿಸಿ ನೋಡಿದರೆ 'ಒಟ್ಟಿಗೆ ಕುದಿ' ಅಂತಲೇ ಆಗುತ್ತದೆ. ಆದರೆ ಪದವನ್ನು ಬಿಡಿಸಿ ನೋಡುವುದು ಬೇರೆ, ಜನ ಅದನ್ನು ಹೇಗೆ ಬಳಸುತ್ತಿದ್ದರು ಅಂತ ನೋಡುವುದು ಬೇರೆ. ರೋಮನ್ನರ ವೈದ್ಯದ ಮಾತಿನಲ್ಲಿ ಈ ಕ್ರಿಯಾಪದಕ್ಕೆ ಇನ್ನೊಂದು ಅರ್ಥ ಇತ್ತು: ಮುರಿದ ಮೂಳೆ ಕೂಡಿಕೊಳ್ಳುವುದು. ಒಂದನೇ ಶತಮಾನದ ಸೆಲ್ಸಸ್ ವೈದ್ಯದ ಮೇಲೆ ಎಂಟು ಭಾಗಗಳ ಪುಸ್ತಕ ಬರೆದ. ಎಂಟನೆಯ ಭಾಗ ಪೂರ್ತಿ ಮೂಳೆಯದು. ಪದೇ ಪದೇ ಕಟ್ಟು ಬಿಚ್ಚಿ, ಅಲುಗಾಡಿಸಿ, ಮೂಳೆ ಕೂಡದೆ ಹೋದರೆ ಏನು ಮಾಡಬೇಕು ಅನ್ನುವಲ್ಲಿ ಅವನು ಬಳಸುವುದು ಈ ಪದವನ್ನೇ.

ಹಾಗಾದರೆ ಪಾಚಿ ಎಲ್ಲಿಂದ ಬಂತು? ಅದಕ್ಕೆ ಪ್ಲಿನಿಯ ಹತ್ತಿರ ಹೋಗಬೇಕು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತನಲ್ಲ, ಅದೇ ಹಿರಿಯ ಪ್ಲಿನಿ. ಅವನ ನಿಸರ್ಗ ಚರಿತ್ರೆ 37 ಭಾಗಗಳ ಪುಸ್ತಕ. ಅದರ 27ನೇ ಭಾಗದಲ್ಲಿ, ಔಷಧದ ಗಿಡಗಳ ಸಾಲಿನಲ್ಲಿ, ಪುಟ್ಟದೊಂದು ಟಿಪ್ಪಣಿ ಇದೆ. ಕಾನ್‌ಫರ್ವಾ ಮುಖ್ಯವಾಗಿ ಆಲ್ಪ್ಸ್ ಬೆಟ್ಟದ ಹೊಳೆಗಳಲ್ಲಿ ಸಿಗುವಂಥದ್ದು, ಹಾವಸೆ ಅಥವಾ ಹುಲ್ಲು ಅನ್ನುವುದಕ್ಕಿಂತ ಸಿಹಿನೀರಿನ ಸ್ಪಂಜು ಅನ್ನಬಹುದು, ಕೂದಲಿನ ಹಾಗೆ ದಟ್ಟವಾಗಿ, ಕೊಳವೆ ಕೊಳವೆಯಾಗಿ ಇರುತ್ತದೆ ಅನ್ನುತ್ತಾನೆ. ಆಮೇಲೆ ಬರುತ್ತದೆ ನೋಡಿ ಕಥೆ. ಮರ ಸವರುವ ಆಳೊಬ್ಬ ಎತ್ತರದ ಮರದಿಂದ ಬಿದ್ದ. ಮೈಯ ಹೆಚ್ಚುಕಮ್ಮಿ ಎಲ್ಲ ಮೂಳೆಗಳೂ ಮುರಿದಿದ್ದವು. ಇಡೀ ಮೈಗೆ ಈ ಪಾಚಿಯನ್ನು ಸುತ್ತಿದರು. ಒಣಗಿದಾಗಲೆಲ್ಲ ಅದರದೇ ನೀರನ್ನು ಚಿಮುಕಿಸಿದರು. ಬಿಚ್ಚಿದ್ದು ತೀರಾ ಅಪರೂಪಕ್ಕೆ, ಪಾಚಿಯ ಸತ್ವ ಹೋಯಿತು, ಹೊಸದು ಹಾಕಬೇಕು ಅಂದಾಗ ಮಾತ್ರ. ನಂಬಲಿಕ್ಕೇ ಕಷ್ಟ, ಅಷ್ಟು ಬೇಗ ಅವನು ಗುಣವಾದ.

ಇಷ್ಟನ್ನೂ ಪ್ಲಿನಿ 'ನನಗೆ ಗೊತ್ತು' ಅಂತ ಹೇಳುತ್ತಾನೆ. ಬೇರೆಯವರ ಪುಸ್ತಕದಿಂದ ಎತ್ತಿದ್ದೇ ಜಾಸ್ತಿ ಇರುವ ಬರಹಗಾರನಲ್ಲಿ ಈ 'ನನಗೆ ಗೊತ್ತು' ಕಿವಿ ನಿಮಿರಿಸುತ್ತದೆ. ಅವನ ಹುಟ್ಟೂರು ಕೋಮೊ. ಆಲ್ಪ್ಸ್ ತಪ್ಪಲಿನ ಊರು. ಅಲ್ಲಿನ ಹೊಳೆಗಳನ್ನು ನೋಡುತ್ತ ಬೆಳೆದವನಿಗೆ ಈ ಪಾಚಿಯ ಪರಿಚಯ ಇದ್ದಿದ್ದರೆ ಆಶ್ಚರ್ಯ ಇಲ್ಲ.

ಮರ ಸವರುವವನು ಅಷ್ಟು ಎತ್ತರದಿಂದ ಬೀಳುವುದು ಅಂದರೆ ಏನು ಅಂತ ಬೇರೆಯವರಿಗೆ ಅನ್ನಿಸಬಹುದು, ಸಾಗರದವರಾದ ನಿಮಗೆ ಅನ್ನಿಸಲಿಕ್ಕಿಲ್ಲ. ಆಗಿನ ಇಟಲಿಯಲ್ಲಿ ದ್ರಾಕ್ಷಿ ಬಳ್ಳಿಯನ್ನು ಎತ್ತರದ ಮರಗಳಿಗೆ ಹಬ್ಬಿಸುತ್ತಿದ್ದರು, ನಿಮ್ಮ ಕಡೆ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಹಾಗೆ. ಕಂಪಾನಿಯಾ ಸೀಮೆಯಲ್ಲಿ ಅದು ಎಷ್ಟು ಎತ್ತರ ಹೋಗುತ್ತಿತ್ತೆಂದರೆ, ಕೂಲಿಗೆ ಬರುವ ದ್ರಾಕ್ಷಿ ಕೊಯ್ಯುವವನು ಬಿದ್ದು ಸತ್ತರೆ ಚಿತೆ, ಸಮಾಧಿಯ ಖರ್ಚು ಧಣಿಯದ್ದೇ ಅಂತ ಮೊದಲೇ ಮಾತಾಡಿಕೊಳ್ಳುತ್ತಿದ್ದನಂತೆ. ಇದನ್ನು ಬರೆದವನೂ ಪ್ಲಿನಿಯೇ, ಇನ್ನೊಂದು ಭಾಗದಲ್ಲಿ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಿಮ್ಮೂರ ಕೊನೆಗೌಡರಿಗೆ ಇದನ್ನು ಓದಿ ಹೇಳಿ, ಏನನ್ನುತ್ತಾರೆ ಕೇಳಬೇಕು.

ಇನ್ನು ಹೆಸರು. ಪ್ಲಿನಿ ತಾನೇ ಅದಕ್ಕೆ ಕಾರಣ ಕೊಡುತ್ತಾನೆ, ಆದರೆ ಫೆರ್ವೆರೆಯ ಸುದ್ದಿ ಎತ್ತುವುದಿಲ್ಲ. 'ಕೊನ್‌ಫೆರ್ರುಮಿನಾರೆ' ಎಂಬ ಪದದಿಂದ ಬಂತು ಅನ್ನುತ್ತಾನೆ. ಹಾಗೆಂದರೆ ಬೆಸುಗೆ ಹಾಕುವುದು, ಲೋಹದ ಎರಡು ತುಂಡನ್ನು ಒಂದು ಮಾಡುವುದು. ಈಗಿನ ನಿಘಂಟುಗಳು ಕೊನ್‌ಫೆರ್ವೆರೆಯನ್ನೇ ಮೂಲ ಅನ್ನುತ್ತವೆ. ಶಬ್ದ ನೋಡಿದರೆ ಅದೇ ಹತ್ತಿರ. ಆದರೆ ಎರಡರಲ್ಲಿ ಯಾವುದನ್ನು ಹಿಡಿದರೂ ಹೋಗಿ ಮುಟ್ಟುವುದು ಮುರಿದ ಮೂಳೆಗೇ. ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭ. ನಾವೂ ಲೋಹಕ್ಕೆ 'ಬೆಸುಗೆ' ಅನ್ನುತ್ತೇವೆ, 'ಮೂಳೆ ಬೆಸೆದುಕೊಂಡಿದೆ' ಅಂತಲೂ ಅನ್ನುತ್ತೇವೆ. ಪ್ಲಿನಿಯ ತಲೆಯಲ್ಲಿ ಓಡಿದ್ದೂ ಇಂಥದೇ ಲೆಕ್ಕ.

ಗುಳ್ಳೆಯ ವಿಚಾರಕ್ಕೆ ಬರೋಣ. ಸ್ನೇಹಿತರು ನೋಡಿದ್ದು ಸುಳ್ಳಲ್ಲ. ಬಿಸಿಲು ಏರಿದ ಹಾಗೆ ಪಾಚಿ ಆಮ್ಲಜನಕ ಬಿಡುತ್ತದೆ. ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿಕೊಂಡು ಇಡೀ ಮುದ್ದೆಯನ್ನು ಮೇಲಕ್ಕೆ ಎತ್ತುತ್ತವೆ. ಕತ್ತಲಾದ ಮೇಲೆ ಗುಳ್ಳೆ ಕಮ್ಮಿಯಾಗಿ ಮುದ್ದೆ ಮತ್ತೆ ಕುಸಿಯುತ್ತದೆ. ತೊಟ್ಟಿಯ ಪಕ್ಕ ಕೂತರೆ ಒಂದೇ ದಿನದಲ್ಲಿ ಇದೆಲ್ಲ ಕಾಣುತ್ತದೆ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1770ರ ದಶಕದಲ್ಲಿ ಗಾಜಿನ ಪಾತ್ರೆಯ ಗೋಡೆಗೆ ಅಂಟಿದ 'ಹಸಿರು ವಸ್ತು'ವಿನಿಂದ ಹೀಗೇ ಗಾಳಿ ಏಳುವುದನ್ನು ನೋಡಿ ತಲೆಕೆಡಿಸಿಕೊಂಡಿದ್ದ. ಆದರೆ ಪ್ಲಿನಿ ಗುಳ್ಳೆಯ ಮಾತೇ ಆಡಿಲ್ಲ. ಅವನು ಹೇಳಿದ್ದು ಬೆಟ್ಟದಿಂದ ಇಳಿದು ಹರಿಯುವ ತಣ್ಣನೆ ನೀರಿನ ಪಾಚಿ. ಗುಳ್ಳೆ ತುಂಬಿ ತೇಲುವ ಆಟ ಹೆಚ್ಚಾಗಿ ನಿಂತ ನೀರಿನದು.

ಪ್ರಶ್ನೆ: ಹಾಗಾದರೆ ಪಾಚಿಯಿಂದ ನಿಜವಾಗಿಯೂ ಮೂಳೆ ಕೂಡುತ್ತದೆಯೇ? (ಅದೇ ಓದುಗರು)

ಉತ್ತರ: ಮೂಳೆ ಕೂಡುವುದು ಮೂಳೆಯ ಕೆಲಸ. ಮುರಿದ ತುದಿಗಳ ನಡುವೆ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಮೆತ್ತನೆಯ ಅಂಗಾಂಶ ತುಂಬುತ್ತದೆ, ವಾರಗಳು ಕಳೆದ ಹಾಗೆ ಅದು ಗಟ್ಟಿ ಮೂಳೆಯಾಗುತ್ತದೆ. ಹೊರಗಿನವರು ಮಾಡಬೇಕಾದ್ದು ಮುಖ್ಯವಾಗಿ ಎರಡು. ತುದಿಗಳನ್ನು ಸರಿಯಾಗಿ ಕೂರಿಸುವುದು, ಅವು ಅಲುಗದ ಹಾಗೆ ನೋಡಿಕೊಳ್ಳುವುದು.

ಈಗ ಪ್ಲಿನಿಯ ಕಥೆಯನ್ನು ಇನ್ನೊಂದು ಸಲ ಓದಿ. ಮೈ ಪೂರ್ತಿ ಸುತ್ತಿದರು, ಬಿಚ್ಚಿದ್ದು ಅಪರೂಪಕ್ಕೆ. ನನ್ನ ಕಣ್ಣಿಗೆ ಇದು ಔಷಧಕ್ಕಿಂತ ಕಟ್ಟಿನ ಹಾಗೆ ಕಾಣುತ್ತದೆ. ಒದ್ದೆ ಪಾಚಿಯ ದಪ್ಪ ಹೊದಿಕೆ ಮೈಗೆ ಅಂಟಿ ಕೂತಿದೆ, ಪಾಪ ಆ ಆಳು ಮಿಸುಕಾಡುವಂತಿಲ್ಲ. ತಣ್ಣನೆಯ ನೀರಿನಿಂದ ಊತ ಒಂದಿಷ್ಟು ಇಳಿದಿರಬಹುದು. ಉಳಿದದ್ದನ್ನು ಅವನ ಮೂಳೆಗಳೇ ಮಾಡಿಕೊಂಡಿವೆ. ಸೆಲ್ಸಸ್ ಏನು ಹೇಳಿದ್ದ? ಪದೇ ಪದೇ ಬಿಚ್ಚಿ ಅಲುಗಾಡಿಸಿದರೆ ಕೂಡುವುದಿಲ್ಲ ಅಂತ. ಪ್ಲಿನಿಯ ಆಳಿಗೆ ಒಲಿದ ಅದೃಷ್ಟ ಪಾಚಿಯದಲ್ಲ, ಬಿಚ್ಚದೆ ಬಿಟ್ಟವರದು ಅಂತ ನನ್ನ ಅನಿಸಿಕೆ.

ಇಂಥ ಪಾಚಿ ಒಣಗಿದರೆ ಎಷ್ಟು ಬಿಗಿಯಾಗುತ್ತದೆ ಅನ್ನುವುದಕ್ಕೆ ನಿಮ್ಮೂರ ಕೆರೆಯೇ ಸಾಕ್ಷಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಮೇಲೆ ಕೆಸರಿನ ಮೇಲೆ ಬೂದಿ ಬಣ್ಣದ ಹಾಳೆಯ ಹಾಗೆ ಏನೋ ಅಂಟಿರುತ್ತದಲ್ಲ, ಅದು ಇದೇ. ತುದಿ ಹಿಡಿದು ಎತ್ತಿ, ರದ್ದಿ ಪೇಪರಿನ ಹಾಗೆ ಚರಚರ ಅನ್ನುತ್ತ ಏಳುತ್ತದೆ. ಬೆಳಕಿಗೆ ಹಿಡಿದರೆ ಎಳೆ ಎಳೆ ಹೆಣೆದುಕೊಂಡಿದ್ದು ಕಾಣುತ್ತದೆ.

ಈ 'ಪೇಪರ್' ಒಮ್ಮೆ ವಿಜ್ಞಾನಿಗಳನ್ನೇ ಯಾಮಾರಿಸಿದೆ. 1686ರ ಜನವರಿಯಲ್ಲಿ ಕೂರ್ಲಂಡ್‌ನಲ್ಲಿ, ಅಂದರೆ ಈಗಿನ ಲಾಟ್ವಿಯಾದಲ್ಲಿ, ಹಿಮದ ಜೊತೆ ಸುಟ್ಟ ಕಾಗದದಂಥ ಕಪ್ಪು ವಸ್ತು ಆಕಾಶದಿಂದ ಬಿತ್ತು. ಜನ ತೆಗೆದಿಟ್ಟುಕೊಂಡರು. ಉಲ್ಕೆಯ ಜಾತಿಯದ್ದು ಇರಬೇಕು ಅನ್ನುವ ಮಾತು ಎಷ್ಟೋ ಕಾಲ ನಡೆಯಿತು. ಕೊನೆಗೆ 1830ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಏರನ್‌ಬೆರ್ಗ್ ಎಂಬ ವಿಜ್ಞಾನಿ ಅದರ ಚೂರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದ. ಒಣಗಿ ಹೆಣೆದುಕೊಂಡ ಕಾನ್‌ಫರ್ವಾ! ಜೊತೆಗೆ ಒಂದಿಷ್ಟು ಸೂಕ್ಷ್ಮ ಜೀವಿಗಳು.

ಮೂಳೆ ಕೂಡಿಸುವ ಗುಣದ ಮೇಲೆ ಗಿಡಕ್ಕೆ ಹೆಸರಿಡುವುದು ರೋಮನ್ನರೊಬ್ಬರ ಚಾಳಿ ಅಲ್ಲ. ನಮ್ಮ ಬೇಲಿಯ ಮೇಲೆ ಹಬ್ಬುವ ಮಂಗರವಳ್ಳಿ ಗೊತ್ತಲ್ಲ, ಚೌಕ ಕಾಂಡದ್ದು, ಗೆಣ್ಣು ಗೆಣ್ಣಾಗಿ ಇರುವಂಥದ್ದು? ಎಳೆಯದರಿಂದ ಚಟ್ನಿಯನ್ನೂ ಮಾಡುತ್ತಾರೆ. ಅದಕ್ಕೆ ಸಂದುಬಳ್ಳಿ ಅಂತಲೂ ಹೆಸರು. ಹಿಂದಿಯಲ್ಲಿ ಹಡ್‌ಜೋಡ್, ಅಂದರೆ ಮೂಳೆ ಜೋಡಿಸುವುದು. ಸಂಸ್ಕೃತದ ಅಸ್ಥಿಶೃಂಖಲಾ ಕೂಡ ಮೂಳೆಯ ಹೆಸರೇ. ಯೂರೋಪಿನಲ್ಲಿ ಕಾಮ್‌ಫ್ರಿ ಎಂಬ ಗಿಡ ಇದೆ. ಅದನ್ನೂ ಮುರಿದ ಮೂಳೆಗೆ ಕಟ್ಟುತ್ತಿದ್ದರು. ಆ ಇಂಗ್ಲಿಷ್ ಹೆಸರು ಹಳೆಯ ಫ್ರೆಂಚಿನ ಮೂಲಕ ಬಂದದ್ದು, ಹಿಂದೆ ಹೋದರೆ ಸಿಗುವುದು ನಮ್ಮ ಕಾನ್‌ಫರ್ವಾ. ಹೊಳೆಯ ಪಾಚಿಗೂ ದಂಡೆಯ ಗಿಡಕ್ಕೂ ಒಂದೇ ಅಜ್ಜಿಯ ಹೆಸರು. ಕಾಮ್‌ಫ್ರಿಯ ಗ್ರೀಕ್ ಮೂಲದ ಸಸ್ಯಶಾಸ್ತ್ರೀಯ ಹೆಸರು ಸಿಂಫೈಟಮ್. ಅದರ ಅರ್ಥವೂ 'ಕೂಡಿ ಬೆಳೆ' ಅಂತಲೇ.

ಆದರೆ ಒಂದು ಮಾತು. ಇದನ್ನೆಲ್ಲ ಓದಿ ಯಾರೂ ಮುರಿದ ಕೈಗೆ ಕೆರೆಯ ಪಾಚಿ ಸುತ್ತಿಕೊಂಡು ಕೂರಬೇಡಿ. ಚರ್ಮ ಸೀಳಿದ್ದರೆ ಕೆರೆ ನೀರಿನಿಂದ ಗಾಯಕ್ಕೆ ಸೋಂಕು ತಗಲುತ್ತದೆ. ಕಾಮ್‌ಫ್ರಿಯನ್ನು ಹೊಟ್ಟೆಗೆ ತೆಗೆದುಕೊಂಡರೆ ಲಿವರ್ ಕೆಡುತ್ತದೆ. ಮೂಳೆ ಡಾಕ್ಟರ ಹತ್ತಿರ ಹೋಗಿ, ಎಕ್ಸ್‌ರೇ ಮಾಡಿಸಿ.

ಪ್ರಶ್ನೆ: ಇಷ್ಟು ಹಳೆಯ ಹೆಸರು ಈಗ ಯಾಕೆ ಇಲ್ಲ? (ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಒಂದೇ ಚೀಲಕ್ಕೆ ಕಂಡದ್ದನ್ನೆಲ್ಲ ತುಂಬಿದ್ದರಿಂದ.

1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳಿಗೆಲ್ಲ ಎರಡು ಪದದ ಹೆಸರು ಕೊಡುತ್ತ ಬಂದಾಗ, ಕಾನ್‌ಫರ್ವಾ ಎಂಬ ಹೆಸರನ್ನು ಒಂದು ಕುಲಕ್ಕೆ ಕೊಟ್ಟ. ಆಲ್ಪ್ಸ್ ಹೊಳೆಯೂ ಬಿಟ್ಟುಹೋಯಿತು, ಮೂಳೆಯೂ ಬಿಟ್ಟುಹೋಯಿತು. ಉಳಿದದ್ದು ಒಂದೇ ಲಕ್ಷಣ: ದಾರದ ಹಾಗೆ ಇರಬೇಕು. ದಾರದ ಹಾಗೆ ಇರುವುದು ನೀರಿನಲ್ಲಿ ಎಷ್ಟೊಂದು! ಹಸಿರು ಪಾಚಿ, ಕೆಂಪು ಪಾಚಿಯ ಬಳಗದ್ದು, ಸಿಹಿನೀರಿನದು, ಉಪ್ಪುನೀರಿನದು, ಎಲ್ಲ ಒಳಗೆ ಬಂದವು.

ಹೆಸರು ಎಷ್ಟು ಸಡಿಲವಾಯಿತು ನೋಡಿ. 1832ರ ಮಾರ್ಚ್ ತಿಂಗಳಲ್ಲಿ ಚಾರ್ಲ್ಸ್ ಡಾರ್ವಿನ್‌ನ ಹಡಗು ಬ್ರೆಜಿಲ್ ಕರಾವಳಿಯ ಅಬ್ರೋಲ್ಯೋಸ್ ದ್ವೀಪಗಳ ಹತ್ತಿರ ಹೋಗುತ್ತಿದ್ದಾಗ ಸಮುದ್ರ ಕೆಂಗಂದು ಬಣ್ಣಕ್ಕೆ ತಿರುಗಿತ್ತು. ಲೆನ್ಸ್ ಇಟ್ಟು ನೋಡಿದರೆ ನೀರಿನ ಮೇಲೆಲ್ಲ ಕತ್ತರಿಸಿದ ಒಣಹುಲ್ಲಿನ ಚೂರು ಹರಡಿದ ಹಾಗೆ. ಡಾರ್ವಿನ್ ಅದನ್ನು 'ಕಾನ್‌ಫರ್ವೆಗಳು' ಅಂತಲೇ ಕರೆದ. ಇಪ್ಪತ್ತರಿಂದ ಅರವತ್ತು ಎಳೆ ಕೂಡಿದ ಕಂತೆಗಳು ಅಂತ ಲೆಕ್ಕವನ್ನೂ ಕೊಟ್ಟ. ಅದು ಟ್ರೈಕೋಡೆಸ್ಮಿಯಮ್, ಇವತ್ತಿನ ಲೆಕ್ಕದಲ್ಲಿ ಪಾಚಿಯೂ ಅಲ್ಲ, ಬ್ಯಾಕ್ಟೀರಿಯಾ. ಬೆಟ್ಟದ ಹೊಳೆಯಿಂದ ಹೊರಟ ಹೆಸರು ನಡುಸಮುದ್ರ ಮುಟ್ಟಿತ್ತು. 1843ರಿಂದ ಆನಾ ಅಟ್ಕಿನ್ಸ್ ಎಂಬ ಇಂಗ್ಲಿಷ್ ಮಹಿಳೆ ಪಾಚಿಗಳನ್ನು ಬಿಸಿಲಿನಲ್ಲಿ ನೀಲಿ ಕಾಗದದ ಮೇಲೆ ಅಚ್ಚಾಗಿಸಿ ಪುಸ್ತಕ ಮಾಡಿದರು. ಫೋಟೋಗಳಿರುವ ಮೊದಲ ಪುಸ್ತಕ ಅಂತ ಅದಕ್ಕೆ ಹೆಸರು. ಅದರ ಎಷ್ಟೋ ಹಾಳೆಗಳ ಕೆಳಗೆ ಕಾನ್‌ಫರ್ವಾ ಅಂತಲೇ ಇದೆ, ಅವೂ ಸಮುದ್ರದವೇ.

ಚೀಲ ಬಿಚ್ಚುವ ಕೆಲಸ ಅಷ್ಟರಲ್ಲಿ ಶುರುವಾಗಿತ್ತು. ಜಿನೀವಾದಲ್ಲಿ ಜಾನ್ ಪಿಯೆರ್ ವೋಶೆ ಎಂಬ ಪಾದ್ರಿ ಇದ್ದ. ಕೊಳದ ಎಳೆಗಳನ್ನು ತಂದು ಸುಮ್ನೆ ನೋಡುತ್ತ ಕೂರುವ ತಾಳ್ಮೆ ಅವನಿಗಿತ್ತು. 1803ರಲ್ಲಿ ಸಿಹಿನೀರಿನ ಕಾನ್‌ಫರ್ವೆಗಳ ಮೇಲೆ ಪುಸ್ತಕ ಬರೆದ. ಕೆಲವು ಜಾತಿಗಳಲ್ಲಿ ಎರಡು ಎಳೆಗಳು ಅಕ್ಕಪಕ್ಕ ಮಲಗುತ್ತವೆ, ನಡುವೆ ಏಣಿಯ ಮೆಟ್ಟಿಲಿನ ಹಾಗೆ ಸಣ್ಣ ಕೊಳವೆಗಳು ಮೂಡುತ್ತವೆ, ಒಂದರ ಹಸಿರೆಲ್ಲ ಇನ್ನೊಂದಕ್ಕೆ ಹರಿದು ಹೋಗಿ ಬೀಜಕವಾಗುತ್ತದೆ ಅಂತ ಬಿಡಿಸಿ ತೋರಿಸಿದ. ನೀವು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಚಿತ್ರ ಬಿಡಿಸುವ ಸ್ಪೈರೋಗೈರಾದ ಸಂಯೋಗ ಇದೇ. 'ಕೂಡುವುದು' ಎಂಬ ಹೆಸರಿನ ಪಾಚಿ ನಿಜವಾಗಿಯೂ ಕೂಡುವುದನ್ನು ಕಂಡಾಗ, ಹೆಸರು ಇದರಿಂದಲೇ ಬಂತು ಅನ್ನಿಸಬಹುದು. ಅಲ್ಲ, ಪ್ಲಿನಿಯ ಕಾಲದಲ್ಲಿ ಮೈಕ್ರೋಸ್ಕೋಪ್ ಎಲ್ಲಿತ್ತು!

ಆಮೇಲೆ ಒಂದೊಂದೇ ಹೊರಬಿದ್ದವು. 1820ರಲ್ಲಿ ಲಿಂಕ್ ಎಂಬ ಜರ್ಮನ್ ವಿಜ್ಞಾನಿ ಸ್ಪೈರೋಗೈರಾಕ್ಕೆ ಆ ಹೆಸರಿಟ್ಟ. 1843ರಲ್ಲಿ ಇನ್ನೊಬ್ಬ ಜರ್ಮನ್, ಕ್ಯುಟ್ಸಿಂಗ್, ಕವಲೊಡೆಯುವ ಎಳೆಗಳಿಗೆ ಕ್ಲಾಡೋಫೋರಾ ಅಂದ. ಲಿನೇಯಸ್‌ನ ಕಾನ್‌ಫರ್ವಾ ಗ್ಲೊಮೆರಾಟಾ ಈಗ ಕ್ಲಾಡೋಫೋರಾ ಗ್ಲೊಮೆರಾಟಾ. ಮನೆತನದ ಹೆಸರು ಹೋಗಿ ಸ್ವಂತ ಹೆಸರು ಉಳಿದ ಹಾಗೆ.

ಅಕ್ವೇರಿಯಂ ಅಂಗಡಿಯಲ್ಲಿ ಗಾಜಿನ ಬಾಟಲಿಯೊಳಗೆ ಇಟ್ಟು ಮಾರುವ ಹಸಿರು ಚೆಂಡು ಮಾರಿಮೊ ಕೂಡ ಹೀಗೆ ಹೊರಬಿದ್ದದ್ದೇ. ಜಪಾನಿನ ಅಕಾನ್ ಸರೋವರದ ಮಾರಿಮೊಗೆ ಅಲ್ಲಿನ ಸರ್ಕಾರದ ವಿಶೇಷ ರಕ್ಷಣೆ ಇದೆ. ಸ್ವೀಡನ್ನಿನ ಸರೋವರದ ಇಂಥದೇ ಚೆಂಡನ್ನು ಲಿನೇಯಸ್ ಕಾನ್‌ಫರ್ವಾ ಇಗಾಗ್ರೋಪೈಲಾ ಅಂದಿದ್ದ. ಗ್ರೀಕಿನಲ್ಲಿ ಕಾಡುಮೇಕೆ, ಉಣ್ಣೆಯ ಉಂಡೆ ಎಂಬ ಎರಡು ಪದಗಳನ್ನು ಹೊಸೆದದ್ದು ಅದು. ಮೇಕೆಯ ಹೊಟ್ಟೆಯಲ್ಲಿ ಕೂದಲು ಸೇರಿ ಉಂಡೆ ಕಟ್ಟುತ್ತದಲ್ಲ, ಹಾಗೆ ಕಂಡಿತಂತೆ. ಮುದ್ದಾದ ಚೆಂಡಿಗೆ ಇಂಥ ಹೆಸರೇ ಬೇಕಿತ್ತಾ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಹೀಗೆ ಎಲ್ಲರೂ ಹೊರಟ ಮೇಲೆ ಚೀಲ ಖಾಲಿ. ಕವಲಿಲ್ಲದ ದಾರದಂಥ ಪಾಚಿಯನ್ನು 'ಕಾನ್‌ಫರ್ವಾಯ್ಡ್' ಅನ್ನುವ ವಿಶೇಷಣ ಮಾತ್ರ ಅಲ್ಲಲ್ಲಿ ಉಳಿದಿದೆ. ನಿಮ್ಮ ಪರೀಕ್ಷೆಗೆ ಇದು ಬರುವುದಿಲ್ಲ, ನಿಶ್ಚಿಂತೆಯಿಂದಿರಿ.

ಪ್ರಶ್ನೆ: 'ಆಲ್ಗಾ' ಎಂಬ ಪದವೂ ಲ್ಯಾಟಿನ್ನೇ? ಕನ್ನಡದ ಪಾಚಿಗೆ ಮೂಲ ಯಾವುದು?

ಉತ್ತರ: ಹೌದು, ಲ್ಯಾಟಿನ್ನೇ. ಆದರೆ ರೋಮನ್ನರಿಗೆ ಆಲ್ಗಾ ಅಂದರೆ ಕಡಲ ದಂಡೆಗೆ ಬಂದು ಬೀಳುವ ಕಳೆ. ಮೂರು ಕಾಸಿಗೆ ಬೇಡದ್ದು ಅನ್ನಬೇಕಾದರೆ 'ಆಲ್ಗಾಗಿಂತ ಕಡೆ' ಅನ್ನುತ್ತಿದ್ದರು. ವರ್ಜಿಲ್, ಹೊರೇಸ್ ಇಬ್ಬರ ಪದ್ಯದಲ್ಲೂ ಈ ಮಾತು ಇದೆ. ಪಾಪದ ಆಲ್ಗಾಗೆ ಆಮೇಲೆ ಇಡೀ ಬಳಗದ ಯಜಮಾನಿಕೆ ಸಿಕ್ಕಿತು, ಮೂಳೆ ಕೂಡಿಸಿದ ಕೀರ್ತಿಯ ಕಾನ್‌ಫರ್ವಾ ಮೂಲೆ ಸೇರಿತು.

ನಮ್ಮ ಪಾಚಿ ಬಣ್ಣದ ಮಾತು. ಪಚ್ಚೆ, ಪಸಿರು, ಹಸಿರು, ಪಾಚಿ ಎಲ್ಲ ಒಂದೇ ಬಳ್ಳಿಯವು. ತಮಿಳಿನಲ್ಲೂ ಅದು ಪಾಸಿ. ನಾವು ಅದರ ಬಣ್ಣ ನೋಡಿದೆವು, ರೋಮನ್ನರು ಅದರ ಉಪಯೋಗ ನೋಡಿದರು. ಬಚ್ಚಲು ಕಲ್ಲಿನ ಮೇಲೆ ಕಾಲು ಜಾರಿದವರಿಗೆ ಅದರಿಂದ ಮೂಳೆ ಕೂಡುತ್ತದೆ ಅನ್ನುವ ಯೋಚನೆ ಬರುವುದೂ ಕಷ್ಟ. ನಮ್ಮಲ್ಲಿ ಪಾಚಿ ಮೂಳೆ ಮುರಿಯುವ ಕಡೆಯದ್ದೇ ಅಲ್ವಾ!

ಪ್ರಶ್ನೆ: ನಮ್ಮ ತೋಟದ ಸಿಮೆಂಟ್ ತೊಟ್ಟಿಯಲ್ಲೂ ದಾರದಂಥ ಪಾಚಿ ಇದೆ. ಇದು ಹಳೆಯ ಕಾನ್‌ಫರ್ವಾದಲ್ಲಿ ಯಾವುದು ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು ಬೆರಳಿಗೆ ಕೇಳಿ. ಒಂದು ಚಿಟಿಕೆ ಎತ್ತಿ ಉಜ್ಜಿ ನೋಡಿ. ರೇಷ್ಮೆಯ ಹಾಗೆ ನುಣುಪಾಗಿ ಲೋಳೆ ಲೋಳೆ ಜಾರಿದರೆ ಬಹುಮಟ್ಟಿಗೆ ಸ್ಪೈರೋಗೈರಾ ಅಥವಾ ಅದರ ಹತ್ತಿರದ ನೆಂಟ. ನೆನೆದ ಹತ್ತಿಯ ಹಾಗೆ ಒರಟಾಗಿದ್ದು, ಹಿಂಡಿದರೆ ನೀರೆಲ್ಲ ಸೋರಿ ಗಟ್ಟಿ ಉಂಡೆ ಉಳಿದರೆ ಕ್ಲಾಡೋಫೋರಾ ಇರಬಹುದು. ಆಮೇಲೆ ಬಿಳಿ ತಟ್ಟೆಯಲ್ಲಿ ನೀರು ಹಾಕಿ ಎಳೆ ಹರಡಿ, ಲೆನ್ಸ್ ಹಿಡಿಯಿರಿ. ಕವಲು ಕಂಡರೆ ಬಹುಮಟ್ಟಿಗೆ ಕ್ಲಾಡೋಫೋರಾ. ಸ್ಪೈರೋಗೈರಾದಲ್ಲಿ ಕವಲಿರುವುದಿಲ್ಲ. ಕಾಲೇಜಿನ ಮೈಕ್ರೋಸ್ಕೋಪ್ ಸಿಕ್ಕರೆ ಅದರ ಒಳಗೆ ಹಸಿರು ರಿಬ್ಬನ್ ಸುರುಳಿ ಸುತ್ತಿಕೊಂಡಿದ್ದು ಕಾಣುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಯಾರಿಗಾದರೂ ತೋರಿಸಲು ಒಯ್ಯುವುದಾದರೆ ಬಾಟಲಿಯಲ್ಲಿ ಚೂರೇ ಚೂರು ಪಾಚಿ, ಜಾಸ್ತಿ ನೀರು ಹಾಕಿ, ನೆರಳಲ್ಲಿಡಿ, ಮುಚ್ಚಳ ಸಡಿಲ ಬಿಡಿ. ನಾನು ಒಮ್ಮೆ ಬಸ್ಸಿನಲ್ಲಿ ಪ್ಲಾಸ್ಟಿಕ್ ಕವರಿಗೆ ಗಿಡಿದು ತುಂಬಿ ಗಂಟು ಹಾಕಿ ತಂದಿದ್ದೆ. ಊರು ಮುಟ್ಟುವಷ್ಟರಲ್ಲಿ ಕೊಳೆತು, ಪಕ್ಕದ ಸೀಟಿನವರು ಎದ್ದು ಹಿಂದೆ ಹೋಗಿ ಕೂತಿದ್ದರು.